ನಿಂತ ಕಾರಿನ ಉಸಿರಾಟ: ವಾಯುಕವಾಟ ಬೇಕೆ, ಬೇಡವೆ?

ಟಾಂಗಾ ನಿಂತಿತೆಂದರೆ ಕುದುರೆಗೆ ವಿಶ್ರಾಂತಿ. ಗಾಲಿ ತಿರುಗುವುದಿಲ್ಲ, ಹೊರೆಯನ್ನು ಎಳೆಯಬೇಕಾದುದಿಲ್ಲ. ಆದರೂ ಕುದುರೆಯು ಉಸಿರಾಡುವುದನ್ನು ಬಿಡುವುದಿಲ್ಲ; ಬಿಟ್ಟರೆ ಮತ್ತೆ ಏಳುವ ಮಾತೇ ಇಲ್ಲ. ಪೆಟ್ರೋಲ್ ಎಂಜಿನಿನ ಸ್ಥಿತಿಯೂ ಇಂತಹುದೇ. ಕಾರು ನಿಂತಿದ್ದಾಗ, ಚಾಲಕನ ಕಾಲು ಆಕ್ಸಿಲರೇಟರಿನ ಮೇಲೆ ಇಲ್ಲದಿದ್ದಾಗ, ಎಂಜಿನು ಯಾವ ಗಾಲಿಯನ್ನೂ ತಿರುಗಿಸದೆ ತನ್ನನ್ನು ತಾನೇ ತಿರುಗಿಸಿಕೊಂಡು ಬದುಕಿರಬೇಕು. ಗ್ಯಾರೇಜಿನ ಮಿಸ್ತ್ರಿಗಳು ಇದನ್ನು ಐಡ್ಲಿಂಗ್ ಎನ್ನುತ್ತಾರೆ. ಎಂಜಿನಿನ ಓಟದ ವಿಚಾರವನ್ನು ಎಲ್ಲರೂ ಉತ್ಸಾಹದಿಂದ ಮಾತನಾಡುತ್ತಾರೆ. ಅದು ನಿಂತು ಗುರುಗುಟ್ಟುವ ವಿಚಾರವನ್ನು ಚರ್ಚಿಸುವವರು ಕಡಿಮೆ. ಆದರೆ ತಾವೇ ಕೈಯಾರ ಒಂದು ಕಾರನ್ನು ಕಟ್ಟಲು ಹೊರಟ ವಿದ್ಯಾರ್ಥಿಗಳನ್ನು ಮೊದಲು ಕಾಡುವ ಪ್ರಶ್ನೆಗಳಲ್ಲಿ ಇದು ಒಂದು.

ಹುಬ್ಬಳ್ಳಿ-ಧಾರವಾಡದಲ್ಲಿ ಇಂತಹ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಧಾರವಾಡದಲ್ಲಿ 1979ರಿಂದ ಎಸ್.ಡಿ.ಎಂ. ಎಂಜಿನಿಯರಿಂಗ್ ಕಾಲೇಜು, 2016ರಿಂದ ಐ.ಐ.ಟಿ. ಇವೆ. ಧಾರವಾಡದ ಬಳಿಯ ಟಾಟಾ ಕಾರ್ಖಾನೆಯಲ್ಲಿ ಬಸ್ಸುಗಳೂ ಚಿಕ್ಕ ಸರಕು ವಾಹನಗಳೂ ತಯಾರಾಗಿ ಹೊರಬಂದಿವೆ. ಎಂಜಿನನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಅವಳಿನಗರದಲ್ಲಿ ಓಣಿಓಣಿಗೂ ಸಿಗುತ್ತವೆ. ಹಳೆಯ ಕಾರೊಂದರ ಕಾರ್ಬ್ಯುರೇಟರನ್ನು ತೆಗೆದು, ಇಂಧನವನ್ನು ಸೂಜಿಬಾಯಿಯಿಂದ ಚಿಮ್ಮಿಸುವ ಇಂಜೆಕ್ಟರುಗಳನ್ನು ಕೂಡಿಸಿ, ಅದನ್ನು ಆಳಲು ಇ.ಸಿ.ಯು. ಎಂಬ ಚಿಕ್ಕ ಗಣಕವನ್ನು ಅಳವಡಿಸಿದ ತಂಡದ ಮುಂದೆ ಬೇಗನೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಐಡ್ಲಿಂಗ್ ವಾಯುವನ್ನು ನಿಯಂತ್ರಿಸಲು ಪ್ರತ್ಯೇಕ ಕವಾಟವೊಂದನ್ನು ಹಾಕಬೇಕೆ? ಅಥವಾ ಒಂದು ತಿರುಪು ಸಾಕೆ?

ಅಂಗಡಿಯಲ್ಲಿ ಸಿಗುತ್ತದೆಂದು ಕವಾಟವನ್ನು ಕೊಂಡು ತರುವುದು ಸುಲಭ; ಅದು ಏನು ಮಾಡುತ್ತದೆಂದು ತಿಳಿದು ನಿರ್ಧರಿಸುವುದು ವಿದ್ಯೆ. ಆದುದರಿಂದ ನಾವು ಈ ಲೇಖನದಲ್ಲಿ ಮೊದಲು ಲೆಕ್ಕ ಹಾಕೋಣ, ಅನಂತರ ತೀರ್ಮಾನಕ್ಕೆ ಬರೋಣ.

ಎಂಜಿನಿಗೆ ಎಷ್ಟು ಗಾಳಿ ಬೇಕು?

ಉದಾಹರಣೆಗಾಗಿ ನಮ್ಮ ದೇಶದಲ್ಲಿ ಎಲ್ಲರಿಗೂ ಪರಿಚಿತವಾದ ಮಾರುತಿ 800 ಕಾರಿನ ಎಂಜಿನನ್ನು ತೆಗೆದುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮೊದಲು ಕಾರ್ಬ್ಯುರೇಟರಿನೊಡನೆ ಬಂದ ಇದಕ್ಕೆ 2000ದ ಸುಮಾರಿಗೆ ಇಂಜೆಕ್ಷನ್ ಬಂದಿತು. ಎಂಜಿನಿನ ಮೂರು ಸಿಲಿಂಡರುಗಳ ಒಟ್ಟು ಗಾತ್ರ 796 ಘನ ಸೆಂಟಿಮೀಟರು. ಐಡ್ಲಿಂಗಿನಲ್ಲಿ ಇದು ನಿಮಿಷಕ್ಕೆ 850 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ.

ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ 796ನ್ನು 850ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 338 ಲೀಟರು ಗಾತ್ರ ಬರುತ್ತದೆ. ಈ ಗಾತ್ರವನ್ನು ಹೊರಗಿನ ಗಾಳಿ ಪೂರ್ಣವಾಗಿ ತುಂಬುವುದಾದರೆ ಸೆಕೆಂಡಿಗೆ ಸುಮಾರು 6 ಗ್ರಾಂ ಗಾಳಿ ಒಳಗೆ ಹೋಗಬೇಕು. ಆದರೆ ಹಾಗೆ ಹೋಗುವುದಿಲ್ಲ. ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿಕೊಂಡಿರುವುದರಿಂದ ಒಳಹರಿವಿನ ಕೊಳವೆಯಲ್ಲಿ ಅರೆನಿರ್ವಾತ ಉಂಟಾಗುತ್ತದೆ. ಅಲ್ಲಿಯ ಒತ್ತಡ ಹೊರಗಿನ ಒತ್ತಡದ ಮೂರನೆಯ ಒಂದು ಪಾಲಿನಷ್ಟು, ಅಂದರೆ 35 ಕಿಲೋಪಾಸ್ಕಲಿನ ಆಸುಪಾಸು. ಹೀಗಾಗಿ ಎಂಜಿನಿಗೆ ಸಿಗುವ ಗಾಳಿಯೂ ಮೂರನೆಯ ಒಂದು ಪಾಲು: ಸೆಕೆಂಡಿಗೆ 2 ಗ್ರಾಂ.

ಈ ಎರಡು ಗ್ರಾಂ ಗಾಳಿ ಒಳಬರಲು ಎಷ್ಟು ದೊಡ್ಡ ಕಿಂಡಿ ಬೇಕು? ಇಲ್ಲಿ ಭೌತಶಾಸ್ತ್ರದ ಒಂದು ಸೊಗಸಾದ ಸಂಗತಿ ನಮ್ಮ ನೆರವಿಗೆ ಬರುತ್ತದೆ. ಕಿಂಡಿಯ ಹಿಂದಿನ ಒತ್ತಡವು ಮುಂದಿನ ಒತ್ತಡದ ಸುಮಾರು 53 ಶತಾಂಶಕ್ಕಿಂತ ಕೆಳಗಿಳಿದರೆ ಗಾಳಿಯು ಕಿಂಡಿಯ ಅತಿ ಇಕ್ಕಟ್ಟಾದ ಭಾಗದಲ್ಲಿ ಶಬ್ದದ ವೇಗವನ್ನು ಮುಟ್ಟುತ್ತದೆ. ಒತ್ತಡದ ಬದಲಾವಣೆಯ ಸುದ್ದಿ ಗಾಳಿಯಲ್ಲಿ ಸಾಗುವುದು ಶಬ್ದದ ವೇಗದಲ್ಲಿಯೇ. ಆದುದರಿಂದ ಒಳಗೆ ಒತ್ತಡ ಇನ್ನಷ್ಟು ಇಳಿದರೂ ಆ ಸುದ್ದಿ ಪ್ರವಾಹಕ್ಕೆ ಎದುರಾಗಿ ಈಜಿ ಹೊರಗೆ ಬರಲಾರದು. ಎಂಜಿನು ಎಷ್ಟು ಬಲವಾಗಿ ಎಳೆದರೂ ಹರಿವು ಹೆಚ್ಚುವುದಿಲ್ಲ. ಐಡ್ಲಿಂಗಿನಲ್ಲಿ ಒತ್ತಡಗಳ ಪ್ರಮಾಣ 37 ಶತಾಂಶದಷ್ಟೇ ಇರುವುದರಿಂದ ನಾವು ಈ ಸ್ಥಿತಿಯಲ್ಲಿಯೇ ಇದ್ದೇವೆ. ಥ್ರಾಟಲಿನ ಬಳಿ ಕೇಳಿಬರುವ ಸಣ್ಣ ಸುಯ್ಲಿನ ಮೂಲ ಈ ಕಿಂಡಿಯಲ್ಲಿದೆ. ಈಗ ಹರಿವನ್ನು ನಿರ್ಣಯಿಸುವುದು ಮುಖ್ಯವಾಗಿ ಎರಡೇ: ಕಿಂಡಿಯ ವಿಸ್ತಾರ ಮತ್ತು ಹೊರಗಿನ ಗಾಳಿಯ ಒತ್ತಡ.

ಲೆಕ್ಕ ಹಾಕಿದರೆ ಬೇಕಾದ ವಿಸ್ತಾರ ಸುಮಾರು 11.4 ಚದರ ಮಿಲಿಮೀಟರು. ದುಂಡಗಿನ ತೂತಾದರೆ ಅದರ ವ್ಯಾಸ 3.8 ಮಿಲಿಮೀಟರು. ಓದುಗರು ಇದನ್ನು ನೆನಪಿನಲ್ಲಿಡಬೇಕು. ಒಂದು ಕಾರಿನ ಎಂಜಿನನ್ನು ಜೀವಂತವಾಗಿಡಲು ಒಂದು ಪೆನ್ಸಿಲಿನ ಅರ್ಧ ದಪ್ಪದ ತೂತು ಸಾಕು!

ಸಣ್ಣ ಕಿಂಡಿಯ ದೊಡ್ಡ ತೊಂದರೆಗಳು

ಕಿಂಡಿ ಇಷ್ಟು ಚಿಕ್ಕದಾದುದರಿಂದ ಅದರಲ್ಲಿಯ ಅತ್ಯಲ್ಪ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಥ್ರಾಟಲಿನ ಬಾಯಿಯ ವ್ಯಾಸ 32 ಮಿಲಿಮೀಟರ್ ಇದ್ದರೆ ಅದರ ಅಂಚಿನ ಸುತ್ತಳತೆ ಸುಮಾರು 100 ಮಿಲಿಮೀಟರು. ಎಂಜಿನಿನ ಎಣ್ಣೆಯ ಆವಿ ಮತ್ತು ಧೂಳು ಸೇರಿ ಈ ಅಂಚಿನ ಸುತ್ತ ಕಪ್ಪು ಜಿಡ್ಡು ಕಟ್ಟುತ್ತದೆ. ಜಿಡ್ಡಿನ ದಪ್ಪ ಮಿಲಿಮೀಟರಿನ ನೂರನೆಯ ಒಂದು ಪಾಲೇ ಇರಲಿ. ಕಿಂಡಿಯಲ್ಲಿ ಒಂದು ಚದರ ಮಿಲಿಮೀಟರು ಮುಚ್ಚಿಹೋಗುತ್ತದೆ. ಎಂದರೆ ಐಡ್ಲಿಂಗ್ ಗಾಳಿಯ ನೂರಕ್ಕೆ ಒಂಬತ್ತು ಪಾಲು ಕಡಿಮೆಯಾಯಿತು. ಮೊದಲ ದಿನ ಚೆನ್ನಾಗಿ ಗುರುಗುಡುತ್ತಿದ್ದ ಎಂಜಿನು ಆರು ತಿಂಗಳಲ್ಲಿ ಸಿಗ್ನಲಿನಲ್ಲಿ ಆರಿಹೋಗುವುದಕ್ಕೆ ಹಲವು ಸಲ ಇದೇ ಕಾರಣ.

ಎರಡನೆಯದು ಊರಿನ ಎತ್ತರ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ. ಧಾರವಾಡ ಇನ್ನೂ ಸ್ವಲ್ಪ ಎತ್ತರ. ಕಾರವಾರದ ಕಡಲತೀರದಲ್ಲಿ 101 ಕಿಲೋಪಾಸ್ಕಲ್ ಇರುವ ವಾಯುವಿನ ಒತ್ತಡ ಹುಬ್ಬಳ್ಳಿಯಲ್ಲಿ ಸುಮಾರು 94. ಹುಬ್ಬಳ್ಳಿಯಲ್ಲಿ ತಿರುಪನ್ನು ಹೊಂದಿಸಿಕೊಂಡು ಯಲ್ಲಾಪುರದ ಮೇಲೆ ಅರಬೈಲು ಘಟ್ಟವನ್ನಿಳಿದು ಅಂಕೋಲೆಯನ್ನು ಮುಟ್ಟಿದರೆ ಅದೇ ಕಿಂಡಿಯಲ್ಲಿ ನೂರಕ್ಕೆ ಏಳೆಂಟು ಪಾಲು ಹೆಚ್ಚು ಗಾಳಿ ನುಗ್ಗುತ್ತದೆ. ಎಂಜಿನಿನ ಗುರುಗುಟ್ಟು ಏರುತ್ತದೆ. ಕಡಲತೀರದಲ್ಲಿ ಹೊಂದಿಸಿಕೊಂಡು ಮೇಲೆ ಹತ್ತಿದರೆ ಗುರುಗುಟ್ಟು ಇಳಿಯುತ್ತದೆ.

ಮೂರನೆಯದು ಹೊರೆ. ಎಂಜಿನು ಐಡ್ಲಿಂಗಿನಲ್ಲಿ ಗಂಟೆಗೆ ಸುಮಾರು ಅರ್ಧ ಕಿಲೋಗ್ರಾಂ ಪೆಟ್ರೋಲನ್ನು ಸುಡುತ್ತದೆ. ಅದರ ಶಾಖವನ್ನು ಲೆಕ್ಕ ಮಾಡಿದರೆ ಆರು ಕಿಲೋವಾಟಿಗೆ ಹತ್ತಿರ ಬರುತ್ತದೆ. ಬಹುಪಾಲು ಹೊಗೆಯ ಕೊಳವೆಯಲ್ಲಿಯೂ ರೇಡಿಯೇಟರಿನಲ್ಲಿಯೂ ವ್ಯರ್ಥವಾಗಿ ಹೋಗಿ, ಪಿಸ್ಟನ್ನಿನ ಮೇಲೆ ಕೆಲಸ ಮಾಡುವುದು ಸುಮಾರು 600ರಿಂದ 800 ವಾಟು. ಅಷ್ಟೂ ಎಂಜಿನಿನ ಸ್ವಂತ ಘರ್ಷಣೆಗೂ ಉಸಿರಾಟಕ್ಕೂ ವೆಚ್ಚವಾಗುತ್ತದೆ. ಈಗ ಚಾಲಕನು 55 ವಾಟಿನ ಎರಡು ಮುಂದೀಪಗಳನ್ನು ಹಾಕುತ್ತಾನೆ. ರೇಡಿಯೇಟರಿನ ವಿದ್ಯುತ್ ಪಂಖವೂ ತಾನಾಗಿ ತಿರುಗತೊಡಗುತ್ತದೆ. ಒಟ್ಟು 200 ವಾಟು ವಿದ್ಯುತ್ತು ಬೇಕು. ಆಲ್ಟರ್ನೇಟರಿನಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಎಂಜಿನಿನ ಮೇಲೆ ಬೀಳುವ ಹೊರೆ 350 ವಾಟಿಗೆ ಬರುತ್ತದೆ. ಎಂದರೆ ಎಂಜಿನು ತನಗಾಗಿ ದುಡಿಯುತ್ತಿದ್ದುದರ ಅರ್ಧದಷ್ಟನ್ನು ಒಮ್ಮೆಲೇ ಹೆಚ್ಚಾಗಿ ದುಡಿಯಬೇಕು! ಏ.ಸಿ. ಹಾಕಿದರೆ ಕೇಳುವುದೇ ಬೇಡ. ಅದರ ಕಂಪ್ರೆಸರು ಒಂದರಿಂದ ಎರಡು ಕಿಲೋವಾಟು ಬೇಡುತ್ತದೆ.

ಐಡ್ಲಿಂಗ್ ತಾನಾಗಿ ಸರಿಯಾಗುವುದೆ?

ಇಷ್ಟೆಲ್ಲ ತೊಂದರೆಗಳಿದ್ದರೂ ತಿರುಪೊಂದರಿಂದಲೇ ಹೊಂದಿಸಿದ ಎಂಜಿನುಗಳು ದಶಕಗಳ ಕಾಲ ಓಡಿದುವಲ್ಲ, ಹೇಗೆ? ಇದಕ್ಕೆ ಉತ್ತರ ಮೇಲೆ ಹೇಳಿದ ಕಿಂಡಿಯಲ್ಲಿಯೇ ಇದೆ. ಸೆಕೆಂಡಿಗೆ ಬರುವ ಗಾಳಿ ಸ್ಥಿರವಾಗಿರುವಾಗ ಎಂಜಿನಿನ ವೇಗ ಹತ್ತು ಶತಾಂಶ ಇಳಿದರೆ ಒಂದೊಂದು ಹೊಡೆತದ ಪಾಲಿಗೆ ಬರುವ ಗಾಳಿ ಹನ್ನೊಂದು ಶತಾಂಶ ಏರುತ್ತದೆ. ಹೊಡೆತ ಬಲವಾಗುತ್ತದೆ, ವೇಗ ಮತ್ತೆ ಚೇತರಿಸಿಕೊಳ್ಳುತ್ತದೆ. ವೇಗ ಏರಿದರೆ ಪ್ರತಿ ಹೊಡೆತಕ್ಕೆ ಗಾಳಿ ಕಡಿಮೆಯಾಗಿ ತಾನಾಗಿ ಇಳಿಯುತ್ತದೆ. ಪೆಟ್ರೋಲ್ ಎಂಜಿನಿಗೆ ನಿಸರ್ಗವೇ ಕೊಟ್ಟ ನಿಯಂತ್ರಣವಿದು.

ಡೀಸೆಲ್ ಎಂಜಿನಿಗೆ ಈ ವರವಿಲ್ಲ. ಅದರ ಬಲವನ್ನು ನಿರ್ಣಯಿಸುವುದು ಗಾಳಿಯಲ್ಲ, ಇಂಧನ. ಆದುದರಿಂದ ಸಾರಿಗೆ ಸಂಸ್ಥೆಯ ಹಳೆಯ ಬಸ್ಸುಗಳ ಡೀಸೆಲ್ ಪಂಪಿನಲ್ಲಿಯೂ ಗವರ್ನರ್ ಎಂಬ ವೇಗನಿಯಾಮಕ ಇದ್ದೇ ಇರುತ್ತಿತ್ತು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಜೋಡಿಸಿದ ತಿರುಗುವ ಗುಂಡುಗಳ ಸಂತತಿಯೇ ಅದು.

ಆದರೆ ಪೆಟ್ರೋಲ್ ಎಂಜಿನಿನ ಸಹಜ ನಿಯಂತ್ರಣಕ್ಕೆ ಮಿತಿಯಿದೆ. ಅದು ಸಣ್ಣ ಏರುಪೇರುಗಳನ್ನು ತಾಳಿಕೊಳ್ಳುತ್ತದೆ, ಏ.ಸಿ.ಯಂತಹ ಹೊರೆಯನ್ನು ತಾಳಲಾರದು. ಮೇಲಾಗಿ, ಥ್ರಾಟಲಿನಿಂದ ಸಿಲಿಂಡರಿನವರೆಗಿನ ಕೊಳವೆಯ ಗಾತ್ರ ದೊಡ್ಡದಾದಷ್ಟೂ ಅದು ತುಂಬಲು ಹೆಚ್ಚು ಹೊತ್ತು ಹಿಡಿದು ಚೇತರಿಕೆ ತಡವಾಗುತ್ತದೆ. ವಿದ್ಯಾರ್ಥಿಗಳು ಕಟ್ಟುವ ಕಾರುಗಳಲ್ಲಿ ಹೆಚ್ಚಿನ ಬಲಕ್ಕಾಗಿ ದೊಡ್ಡ ಗಾಳಿಪೆಟ್ಟಿಗೆಯನ್ನು ಇಡುವ ರೂಢಿಯಿರುವುದರಿಂದ ಈ ಮಾತು ಅವರಿಗೆ ಮುಖ್ಯವಾದುದು.

ಕವಾಟಗಳ ಬಗೆಗಳು

ಥ್ರಾಟಲ್ ತಟ್ಟೆಯನ್ನು ಬಳಸಿಕೊಂಡು ಹೋಗುವ ಒಂದು ಸಣ್ಣ ಅಡ್ಡದಾರಿಯನ್ನು ಮಾಡಿ, ಅದರಲ್ಲಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಸಾಧನವನ್ನಿಡುವುದೇ ವಾಯುನಿಯಂತ್ರಣದ ತಿರುಳು. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಫೋಕ್ಸ್‌ವ್ಯಾಗನ್ 1600 ಕಾರಿಗೆ ಒದಗಿಸಿದ ವಿದ್ಯುನ್ಮಾನ ಇಂಜೆಕ್ಷನ್ನಿನಲ್ಲಿಯೇ ಎಂಜಿನು ತಣ್ಣಗಿರುವಾಗ ಹೆಚ್ಚು ಗಾಳಿ ಬಿಟ್ಟು, ಬಿಸಿಯಾದಂತೆ ಮುಚ್ಚಿಕೊಳ್ಳುವ ಸಾಧನವಿದ್ದಿತು. ಅದಕ್ಕೆ ಬುದ್ಧಿಯಿಲ್ಲ, ಉಷ್ಣತೆಯೊಂದೇ ಅದಕ್ಕೆ ತಿಳಿಯುವುದು.

ಅನಂತರ ಬಂದುವು ಇ.ಸಿ.ಯು. ಆಳುವ ಕವಾಟಗಳು. ಒಂದು ಬಗೆಯಲ್ಲಿ ಸ್ಟೆಪ್ಪರ್ ಮೋಟಾರು ಒಂದು ಮೊನೆಯನ್ನು ಹೆಜ್ಜೆಹೆಜ್ಜೆಯಾಗಿ ಮುಂದೆ ಹಿಂದೆ ಸರಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ವಿದ್ಯುತ್ತು ಹೋದರೂ ಮೊನೆ ಇದ್ದಲ್ಲಿಯೇ ಇರುತ್ತದೆ. ಆದರೆ ಅದು ಎಲ್ಲಿದೆ ಎಂದು ಹೇಳುವ ಸಾಧನವಿಲ್ಲ. ಇ.ಸಿ.ಯು. ಮೊದಲು ಅದನ್ನು ಕೊನೆಯವರೆಗೆ ಒತ್ತಿ, ಅಲ್ಲಿಂದ ಹೆಜ್ಜೆಗಳನ್ನೆಣಿಸುತ್ತ ಹೋಗುತ್ತದೆ. ಜಿಡ್ಡಿನಿಂದ ಒಂದೆರಡು ಹೆಜ್ಜೆ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ ಸುರುಳಿಗೆ ಸೆಕೆಂಡಿನಲ್ಲಿ ಹಲವು ಸಲ ವಿದ್ಯುತ್ತನ್ನು ಕೊಟ್ಟು ನಿಲ್ಲಿಸಿ, ಕೊಟ್ಟ ಕಾಲದ ಪ್ರಮಾಣದಷ್ಟು ಕವಾಟವನ್ನು ತೆರೆಯಲಾಗುತ್ತದೆ. ಇದು ಚುರುಕು, ಜೋಡಿಸುವುದೂ ಸರಳ. ಮೂರನೆಯದು ಬರಿಯ ತೆರೆ-ಮುಚ್ಚು ಕವಾಟ. ಏ.ಸಿ. ಹಾಕಿದಾಗ ತೆರೆದು, ತೆಗೆದಾಗ ಮುಚ್ಚುವ ಈ ಬಗೆಯ ಏರ್ಪಾಡು ಕಾರ್ಬ್ಯುರೇಟರಿನ ಕಾರುಗಳಲ್ಲಿಯೂ ಇತ್ತು. ಇಂದಿನ ಹೊಸ ಕಾರುಗಳಲ್ಲಿ ಥ್ರಾಟಲ್ ತಟ್ಟೆಯನ್ನೇ ಮೋಟಾರು ತಿರುಗಿಸುವುದರಿಂದ ಪ್ರತ್ಯೇಕ ಕವಾಟದ ಅಗತ್ಯವಿಲ್ಲ.

ಕವಾಟವಿಲ್ಲದೆಯೂ ಇ.ಸಿ.ಯು. ಒಂದು ಉಪಾಯವನ್ನು ಮಾಡಬಲ್ಲುದು. ಅದೇ ಕಿಡಿಯ ಕಾಲದ ನಿಯಂತ್ರಣ. ಐಡ್ಲಿಂಗಿನಲ್ಲಿ ಕಿಡಿಯನ್ನು ಉತ್ತಮ ಕಾಲಕ್ಕಿಂತ ಬೇಕೆಂದೇ ಸ್ವಲ್ಪ ತಡವಾಗಿ ಇಟ್ಟಿದ್ದರೆ, ವೇಗ ಇಳಿದಾಗ ಅದನ್ನು ಮುಂಚಿತವಾಗಿ ಮಾಡಿ ಬಲವನ್ನು ಏರಿಸಬಹುದು. ವೇಗ ಏರಿದಾಗ ಇನ್ನೂ ತಡಮಾಡಿ ಇಳಿಸಬಹುದು. ಮೂರು ಸಿಲಿಂಡರಿನ ಎಂಜಿನಿನಲ್ಲಿ 850 ಸುತ್ತಿನ ವೇಗದಲ್ಲಿ ಎರಡು ಕಿಡಿಗಳ ನಡುವಣ ಅಂತರ ಸೆಕೆಂಡಿನ ಇಪ್ಪತ್ತೊಂದನೆಯ ಒಂದು ಪಾಲು. ಅಷ್ಟು ಬೇಗ ಕಿಡಿಯ ಪ್ರಭಾವ ಕಾಣುತ್ತದೆ. ಗಾಳಿಯಾದರೋ ಕೊಳವೆಯನ್ನು ತುಂಬಿ, ಸಿಲಿಂಡರನ್ನು ಹೊಕ್ಕು, ಒತ್ತಿ, ಸುಟ್ಟು ಬಲವಾಗಲು ಇದರ ಹಲವು ಪಟ್ಟು ಹೊತ್ತು ಬೇಕು. ಕಿಡಿ ಚುರುಕಾದರೂ ಅದರ ಕೈ ಗಿಡ್ಡ. ಗಾಳಿ ನಿಧಾನವಾದರೂ ಅದರ ಕೈ ಉದ್ದ.

ತಡವಾದ ತಿದ್ದುಪಡಿಯ ಅಪಾಯ

ಕವಾಟವನ್ನು ಹಾಕಿದೊಡನೆ ಐಡ್ಲಿಂಗ್ ಸರಿಯಾಗುವುದೆಂದು ಭಾವಿಸುವವರಿಗೆ ಕೆಲವೊಮ್ಮೆ ನಿರಾಶೆ ಕಾದಿರುತ್ತದೆ. ಎಂಜಿನು 600ಕ್ಕೆ ಇಳಿದು, 1200ಕ್ಕೆ ಏರಿ, ಮತ್ತೆ ಇಳಿದು ಉಯ್ಯಾಲೆಯಾಡತೊಡಗುತ್ತದೆ. ಇದೇಕೆ? ಸ್ನಾನದ ಮನೆಯಲ್ಲಿ ಬಿಸಿನೀರಿನ ನಲ್ಲಿಯನ್ನು ತಿರುಗಿಸುವವನನ್ನು ನೆನೆಯಿರಿ. ನೀರು ತಣ್ಣಗಿದೆಯೆಂದು ನಲ್ಲಿಯನ್ನು ತಿರುಗಿಸುತ್ತಾನೆ. ಬಿಸಿನೀರು ಕೊಳವೆಯಲ್ಲಿ ಬರುವುದು ತಡ. ಸಾಲದೆಂದು ಇನ್ನಷ್ಟು ತಿರುಗಿಸುತ್ತಾನೆ. ಆಮೇಲೆ ಕುದಿಯುವ ನೀರು ಬಂದು ಮೈ ಸುಡುತ್ತದೆ. ಪರಿಣಾಮ ಕಾಣುವ ಮುನ್ನವೇ ಅವಸರದಿಂದ ತಿದ್ದುವವನು ತಪ್ಪನ್ನು ದೊಡ್ಡದು ಮಾಡುತ್ತಾನೆ. ಇ.ಸಿ.ಯು. ಕೂಡ ಹೀಗೆಯೇ. ಗವರ್ನರುಗಳಲ್ಲಿಯ ಇಂತಹ ಉಯ್ಯಾಲೆಯನ್ನು ಗಣಿತದಿಂದ ವಿವೇಚಿಸಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿಯೇ ಪ್ರಬಂಧವನ್ನು ಪ್ರಕಟಿಸಿದನು. ಇದರಿಂದ ದೊರೆಯುವ ಪಾಠ ಇದು: ಗಾಳಿಯ ತಿದ್ದುಪಡಿ ನಿಧಾನವಾಗಿರಲಿ, ಚುರುಕಿನ ಕೆಲಸವನ್ನು ಕಿಡಿಗೆ ಬಿಡಲಿ, ಹತ್ತಿಪ್ಪತ್ತು ಸುತ್ತುಗಳ ವ್ಯತ್ಯಾಸವನ್ನು ಕಂಡೂ ಕಾಣದಂತೆ ಇರಲಿ.

ಇನ್ನೊಂದು ಅಪಾಯ ಹೆಚ್ಚು ಗಂಭೀರವಾದುದು. ಕವಾಟವು ತೆರೆದೇ ಸಿಕ್ಕಿಕೊಂಡರೆ ಏನಾಗುತ್ತದೆ? ಅಡ್ಡದಾರಿಗೆಂದು 12 ಮಿಲಿಮೀಟರ್ ಒಳವ್ಯಾಸದ ರಬ್ಬರ್ ನಳಿಗೆಯನ್ನೂ ಅಷ್ಟೇ ದೊಡ್ಡ ಕವಾಟವನ್ನೂ ಹಾಕಿದ್ದರೆ, ಅದರ ವಿಸ್ತಾರ ನಾವು ಲೆಕ್ಕ ಹಾಕಿದ 3.8 ಮಿಲಿಮೀಟರಿನ ತೂತಿನ ಹತ್ತು ಪಟ್ಟು. ಚಾಲಕನು ಕಾಲನ್ನು ಪೂರ್ತಿ ತೆಗೆದರೂ ಎಂಜಿನು ಸಾವಿರಾರು ಸುತ್ತು ಅರಚುತ್ತ ಕಾರನ್ನು ಮುಂದಕ್ಕೆ ದೂಡೀತು. ಆದುದರಿಂದ ಅಡ್ಡದಾರಿಯಲ್ಲಿ ಅಳತೆಯ ತೂತುಳ್ಳ ಒಂದು ಬಿಲ್ಲೆಯನ್ನು ಕೂಡಿಸಿ, ಕವಾಟ ಪೂರ್ತಿ ತೆರೆದರೂ ಇಷ್ಟೇ ಗಾಳಿ ಹೋಗಬಹುದೆಂದು ಮೊದಲೇ ಮಿತಿ ಹಾಕಿಡುವುದು ಜಾಣತನ.

ನಿರ್ಣಯಕ್ಕೆ ಐದು ಪ್ರಶ್ನೆಗಳು

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಕವಾಟ ಬೇಕೆ ಬೇಡವೆ ಎಂದು ನಿರ್ಧರಿಸುವ ತಂಡವು ತನ್ನನ್ನು ತಾನು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಎಂಜಿನು ನಿಂತಲ್ಲಿ ತಿರುಗುತ್ತಿರುವಾಗ ಬಂದುಹೋಗುವ ದೊಡ್ಡ ಹೊರೆ ಇದೆಯೆ? ಏ.ಸಿ., ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗ್, ತಾನೇ ಗೇರು ಬದಲಿಸುವ ಪೆಟ್ಟಿಗೆ, ಇವುಗಳಲ್ಲಿ ಒಂದಿದ್ದರೂ ಕವಾಟ ಬೇಕು. ಬರಿಯ ದೀಪ ಮತ್ತು ಪಂಖಗಳಾದರೆ ಐಡ್ಲಿಂಗನ್ನು ನೂರಿನ್ನೂರು ಸುತ್ತು ಹೆಚ್ಚಿಸಿ, ಉಳಿದುದನ್ನು ಕಿಡಿಗೆ ಬಿಟ್ಟು ಸಾಗಿಸಬಹುದು.

ಎರಡನೆಯದು: ಎಂಜಿನು ಎಷ್ಟು ಚಳಿಯಲ್ಲಿ ಎದ್ದೇಳಬೇಕು? ತಣ್ಣಗಿನ ಎಣ್ಣೆ ಗಟ್ಟಿ, ಘರ್ಷಣೆ ಹೆಚ್ಚು, ಪೆಟ್ರೋಲು ಆವಿಯಾಗುವುದೂ ಕಡಿಮೆ. ಹಿಮ ಬೀಳುವ ದೇಶಗಳಲ್ಲಿ ಮುಂಜಾನೆಯ ಮೊದಲ ನಿಮಿಷಗಳಿಗಾಗಿಯೇ ಹೆಚ್ಚುವರಿ ಗಾಳಿ ಅನಿವಾರ್ಯ. ನಮ್ಮ ಧಾರವಾಡದ ಚಳಿಗಾಲದ ಮುಂಜಾವು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಒಂದೆರಡು ನಿಮಿಷ ಆಕ್ಸಿಲರೇಟರಿನ ಮೇಲೆ ಹಗುರಾಗಿ ಕಾಲಿಟ್ಟರೆ ಎಂಜಿನು ಹದಕ್ಕೆ ಬರುತ್ತದೆ. ಚಳಿಯ ಕಾರಣವೊಂದಕ್ಕಾಗಿ ಇಲ್ಲಿ ಕವಾಟವನ್ನು ಕೊಳ್ಳಬೇಕಾದುದಿಲ್ಲ.

ಮೂರನೆಯದು: ಕಾರನ್ನು ನಡೆಸುವವರು ಯಾರು? ಕಟ್ಟಿದವನೇ ನಡೆಸುವುದಾದರೆ ಅದರ ಗುಣದೋಷಗಳು ಅವನ ಕಾಲಿಗೆ ತಿಳಿದಿರುತ್ತವೆ. ಬೇರೆಯವರೂ ನಡೆಸುವುದಾದರೆ ಯಂತ್ರವೇ ತನ್ನನ್ನು ನೋಡಿಕೊಳ್ಳಬೇಕು. ವೇಗದಿಂದ ಬಂದು ಒಮ್ಮೆಲೇ ಕಾಲು ತೆಗೆದಾಗ ಎಂಜಿನು ಆರಿಹೋಗದಂತೆ ಗಾಳಿಯನ್ನು ಮೆಲ್ಲನೆ ಇಳಿಸುವುದೂ ಕವಾಟದ ಒಂದು ಕೆಲಸ. ಇಳಿಜಾರಿನಲ್ಲಿ ಎಂಜಿನು ಆರಿದರೆ ನಿರ್ವಾತದ ಸಹಾಯದಿಂದ ನಡೆಯುವ ಬ್ರೇಕು ಒಂದೆರಡು ಸಲ ಒತ್ತಿದ ಮೇಲೆ ಬಿಗಿಯಾಗುತ್ತದೆಂಬುದನ್ನು ಮರೆಯಬಾರದು.

ನಾಲ್ಕನೆಯದು: ಇ.ಸಿ.ಯು. ಗಾಳಿಯನ್ನು ಅಳೆಯುವುದು ಹೇಗೆ? ಇದನ್ನು ಕೇಳಲು ಮರೆಯುವವರೇ ಹೆಚ್ಚು. ಥ್ರಾಟಲ್ ತಟ್ಟೆಯ ಕೋನ ಮತ್ತು ಎಂಜಿನಿನ ವೇಗ, ಇವೆರಡನ್ನೇ ನೋಡಿ ಇಂಧನವನ್ನು ನಿರ್ಧರಿಸುವ ಇ.ಸಿ.ಯು.ವಿಗೆ ಅಡ್ಡದಾರಿಯ ಗಾಳಿ ಕಾಣುವುದೇ ಇಲ್ಲ. ಕವಾಟ ತೆರೆಯಿತು, ಗಾಳಿ ಹೆಚ್ಚಿತು, ಆದರೆ ಇಂಧನ ಮೊದಲಿನಷ್ಟೇ. ಮಿಶ್ರಣ ತೆಳುವಾಗಿ ಎಂಜಿನು ಬಲಗೊಳ್ಳುವ ಬದಲು ತೊದಲುತ್ತದೆ. ಕೊಳವೆಯೊಳಗಿನ ಒತ್ತಡವನ್ನು ಅಳೆಯುವ ಇ.ಸಿ.ಯು.ವಾದರೆ ಈ ತೊಂದರೆಯಿಲ್ಲ. ಗಾಳಿ ಯಾವ ದಾರಿಯಿಂದ ಬಂದರೂ ಒತ್ತಡದಲ್ಲಿ ಅದರ ಲೆಕ್ಕ ಸಿಗುತ್ತದೆ. ಗಾಳಿಯ ಹರಿವನ್ನೇ ಅಳೆಯುವ ಮಾಪಕವಿದ್ದರೆ, ಅಡ್ಡದಾರಿಯ ಬಾಯಿ ಮಾಪಕಕ್ಕೂ ಥ್ರಾಟಲಿಗೂ ನಡುವೆ ಇರಬೇಕು.

ಐದನೆಯದು: ಎಂಜಿನು ಮೊದಲು ನಿರೋಗಿಯಾಗಿದೆಯೆ? ಬಿರುಕುಬಿಟ್ಟ ರಬ್ಬರ್ ನಳಿಗೆ, ಸಡಿಲವಾದ ಗ್ಯಾಸ್ಕೆಟ್, ಸವೆದ ಸ್ಪಾರ್ಕ್ ಪ್ಲಗ್ಗು, ಸೋರುವ ಇಂಜೆಕ್ಟರು, ಇವು ಯಾವುವನ್ನೂ ಕವಾಟ ವಾಸಿಮಾಡದು. ಸ್ವಲ್ಪ ಕಾಲ ಮರೆಮಾಡುತ್ತದೆ, ಅಷ್ಟೆ. ಜ್ವರದ ಕಾರಣವನ್ನು ಹುಡುಕದೆ ಹಣೆಗೆ ತಣ್ಣೀರಿನ ಬಟ್ಟೆ ಹಾಕಿದಂತೆ.

ಪ್ರಯೋಗ ಮಾಡಿ ನೋಡುವ ಬಗೆ

ಈ ಪ್ರಶ್ನೆಗಳಿಗೆ ಉತ್ತರವನ್ನು ಊಹೆಯಿಂದ ಬರೆಯಬೇಕಾದುದಿಲ್ಲ. ಅಡ್ಡದಾರಿಯ ನಳಿಗೆಯೊಂದನ್ನು ಜೋಡಿಸಿ, ಅದರಲ್ಲಿ ಕವಾಟದ ಬದಲು 2, 3, 4, 5 ಮಿಲಿಮೀಟರಿನ ತೂತುಗಳನ್ನು ಕೊರೆದ ಲೋಹದ ಬಿರಡೆಗಳನ್ನು ಒಂದೊಂದಾಗಿ ಇಟ್ಟು ನೋಡಬಹುದು. ಎಂಜಿನು ಬಿಸಿಯಾದ ಮೇಲೆ ಥ್ರಾಟಲಿನ ತಿರುಪನ್ನು ಬೇಕಾದ ಐಡ್ಲಿಂಗಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಪ್ರತಿ ಬಿರಡೆಗೂ ವೇಗವೆಷ್ಟು, ಒತ್ತಡವೆಷ್ಟು ಎಂದು ಬರೆದಿಡಬೇಕು. ಅನಂತರ ದೀಪ ಹಾಕಿ, ಪಂಖ ಹಾಕಿ, ಮತ್ತೆ ಅಳೆಯಬೇಕು. ಯಾವ ಹೊರೆಗೆ ಎಷ್ಟು ತೂತು ಬೇಕೆಂಬ ಒಂದು ಕೋಷ್ಟಕ ಒಂದೇ ಮಧ್ಯಾಹ್ನದಲ್ಲಿ ಸಿದ್ಧವಾಗುತ್ತದೆ. ಎಲ್ಲ ಸ್ಥಿತಿಗಳಲ್ಲಿಯೂ ಒಂದೇ ಬಿರಡೆ ಸಾಕಾದರೆ ಕವಾಟ ಬೇಡ, ಆ ಬಿರಡೆಯೇ ನಿಮ್ಮ ಕವಾಟ! ಬೇರೆ ಬೇರೆ ಬಿರಡೆಗಳು ಬೇಕಾದರೆ, ಅತಿ ದೊಡ್ಡ ಬಿರಡೆಯ ಅಳತೆಯೇ ನೀವು ಕೊಳ್ಳಬೇಕಾದ ಕವಾಟದ ಅಳತೆ.

ಇಂತಹ ಪ್ರಯೋಗವನ್ನು ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಮಾಡಬಾರದು. ಹೊಗೆಯಲ್ಲಿಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಪ್ರಾಣವನ್ನು ತೆಗೆಯುತ್ತದೆ. ಗೇರು ನ್ಯೂಟ್ರಲಿನಲ್ಲಿರಲಿ, ಕೈಬ್ರೇಕು ಎಳೆದಿರಲಿ, ಗಾಲಿಗಳಿಗೆ ಕಲ್ಲು ಕೊಟ್ಟಿರಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಾಯಿತ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಆದುದರಿಂದ ಪ್ರಾಜೆಕ್ಟ್ ಕಾರಿನ ಪರೀಕ್ಷೆಗೆ ಕಾಲೇಜಿನ ಆವರಣವೇ ತಕ್ಕ ಸ್ಥಳ, ಚೆನ್ನಮ್ಮ ವೃತ್ತವಲ್ಲ.

ಒಟ್ಟಿನ ತೀರ್ಮಾನ

ಇಷ್ಟನ್ನು ತಿಳಿದ ಮೇಲೆ ಉತ್ತರ ಕಷ್ಟವಲ್ಲ. ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆಗೆಂದು ಬೈಕಿನ ಎಂಜಿನಿನಿಂದ ಕಟ್ಟಿದ ಕಾರಿಗೆ ಕವಾಟ ಬೇಡ. ಅದರಲ್ಲಿ ಏ.ಸಿ.ಯಿಲ್ಲ, ಮುಂದೀಪವಿಲ್ಲ, ಐಡ್ಲಿಂಗ್ ಸ್ವಲ್ಪ ಏರಿದ್ದರೂ ಯಾರೂ ಆಕ್ಷೇಪಿಸರು. ಮೇಲಾಗಿ ಫಾರ್ಮುಲಾ ಸ್ಟೂಡೆಂಟ್ ಮಾದರಿಯ ನಿಯಮಗಳ ಪ್ರಕಾರ ಪೆಟ್ರೋಲ್ ಎಂಜಿನಿಗೆ ಹೋಗುವ ಗಾಳಿಯೆಲ್ಲವೂ 20 ಮಿಲಿಮೀಟರಿನ ಒಂದೇ ಕಿರಿಗಂಡಿಯ ಮೂಲಕ ಹೋಗಬೇಕು. ಥ್ರಾಟಲಿನ ಮುಂದಿನಿಂದ ಹೊರಟ ಅಡ್ಡದಾರಿಯು ಕಿರಿಗಂಡಿಯನ್ನು ತಪ್ಪಿಸಿ ಎಂಜಿನನ್ನು ಸೇರಿದರೆ ನಿಯಮಭಂಗವಾಯಿತು. ಒಂದು ತಿರುಪು, ಒಂದು ಲಾಕ್‌ನಟ್ಟು, ಕಿಡಿಯ ನಿಯಂತ್ರಣ, ಇಷ್ಟು ಸಾಕು. ಬಿಟ್ಟು ಉಳಿದ ತೂಕವೂ ದುಡ್ಡೂ ಲಾಭವೇ.

ಏ.ಸಿ. ಇರುವ, ಬೇರೆಯವರೂ ನಡೆಸುವ, ಬಯಲುಸೀಮೆಯಲ್ಲಿಯೂ ಕರಾವಳಿಯಲ್ಲಿಯೂ ಒಂದೇ ರೀತಿ ವರ್ತಿಸಬೇಕಾದ ಕಾರಿಗೆ ಕವಾಟ ಬೇಕೇ ಬೇಕು, ಒತ್ತಡವನ್ನಳೆಯುವ ಇ.ಸಿ.ಯು.ವೂ ಅದರ ಜೊತೆಗಿರಬೇಕು. ಇವೆರಡರ ನಡುವಣ ಕಾರುಗಳಿಗೆ ನಮ್ಮ ಸಲಹೆ ಇದು: ಕೊಳವೆಯನ್ನು ವೆಲ್ಡ್ ಮಾಡುವಾಗಲೇ ಅಡ್ಡದಾರಿಯ ಎರಡು ಬಾಯಿಗಳನ್ನು ಕೂಡಿಸಿ ಬಿರಡೆ ಹಾಕಿ ಮುಚ್ಚಿಡಿ. ತಿರುಪಿನಿಂದಲೂ ಕಿಡಿಯಿಂದಲೂ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಓಡಿಸಿ ನೋಡಿ. ವೇಗವನ್ನು ದಿನಾಂಕದೊಡನೆ ಬರೆದಿಡಿ. ಬೇಕೆಂದು ಅಂಕಿಗಳು ಹೇಳಿದರೆ ಅಂದು ಕವಾಟವನ್ನು ತನ್ನಿ. ಬೇಡವೆಂದರೆ ಬಿರಡೆ ಹಾಗೆಯೇ ಇರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಯಂತ್ರಕ್ಕೂ ಸಲ್ಲುತ್ತದೆ. ಜೋಡಿಸಿದ ಪ್ರತಿಯೊಂದು ಭಾಗವೂ ಒಂದು ದಿನ ಕೆಡಬಲ್ಲುದು. ಕೆಟ್ಟ ದಿನ ಅದು ಏಕೆ ಅಲ್ಲಿದೆ ಎಂದು ಹೇಳಬಲ್ಲವನೇ ಅದನ್ನು ಸರಿಪಡಿಸಬಲ್ಲನು.